ಗಾಂಗಿನ ಬಾಲ

ನಾನು ಜೀವಮಾನವೆಲ್ಲ ಇನ್ನೊಬ್ಬರ ಬಾಯಿ ಮುಚ್ಚಿಸಿಕೊಂಡೇ ಬಂದವನು. ಧ್ವನಿಮುದ್ರಣ ಮಾಡುವವನ ಕಸುಬೇ ಅದು. "ಶ್! ಕೆಮ್ಮಬೇಡ್ರಿ. ಆ ಬಳೆ ತೆಗೆದಿಡಮ್ಮಾ. ಫ್ಯಾನ್ ಆರಿಸ್ರೋ, ಒಂದು ಹಾಡು ಮುಗಿಯೋವರೆಗೂ ಬೆವತ್ರೆ ಸತ್ತೋಗಲ್ಲ!" ಸೋಲೋ ಊರಿನ ಗಾಮೆಲಾನ್ ಮೇಳದ ವಾದಕರಲ್ಲಿ ಪೈಮಿನ್‌ನ ಕೈಯಲ್ಲಿ, ಅಂದರೆ ನನ್ನ ಕೈಯಲ್ಲಿ, ಬೈಸಿಕೊಳ್ಳದವರು ಇಲ್ಲ. ಮುರ್ಯಾತಿ ಅಕ್ಕ ಒಬ್ಬಳನ್ನು ಬಿಟ್ಟು. ಅವಳು ಹಾಡುವವಳು, ನನ್ನನ್ನೇ ಬೈಯುತ್ತಿದ್ದಳು.

"ಮಿನ್, ಆ ಮೈಕು ನನ್ನ ಮೂತಿಗೆ ತುರುಕಬೇಡ. ನಾನೇನು ಐಸ್ ಕ್ಯಾಂಡಿ ತಿನ್ನೋಕೆ ಬಂದಿದೀನಾ?"

ಒಡಹುಟ್ಟಿದವಳಲ್ಲ. ಆದರೂ ಅವಳು ನನಗೆ ಅಕ್ಕ, ನಾನು ಅವಳಿಗೆ ತಮ್ಮ. ಅವಳ ಮೊದಲ ಕ್ಯಾಸೆಟ್ ಮುದ್ರಿಸಿದವನು ನಾನು, ಆಮೇಲಿನ ಎಲ್ಲವನ್ನೂ ಮುದ್ರಿಸಿದವನು ನಾನು. ಆ ದನಿ ಎಂದರೆ ನನಗೆ ಪ್ರಾಣ. ದನಿ ಎಂದೆ; ಅಷ್ಟು ಹೇಳಿ ಸುಮ್ಮನಾಗುವುದು ಮರ್ಯಾದೆ.

ನಮ್ಮ ಸ್ಟುಡಿಯೋದ ಹೆಸರು ಸ್ವಾರಾ ಕೆಂಚಾನಾ. ಹಿಂದುಗಡೆ ತೇಗದ ಕಂಬಗಳ ದೊಡ್ಡ ಹಜಾರ, ಅದರ ತುಂಬ ಗಾಮೆಲಾನ್. ಕಂಚಿನ ಪಟ್ಟಿಗಳು, ಕಂಚಿನ ಬೋಗುಣಿಗಳು, ಕೊನೆಯಲ್ಲಿ ಮರದ ಚೌಕಟ್ಟಿಗೆ ತೂಗುಬಿಟ್ಟ ದೊಡ್ಡ ಗಾಂಗ್. ಇಡೀ ಮೇಳಕ್ಕೆ ಕ್ಯಾಯಿ ಉದಾನ್ ಆರುಮ್ ಎಂದು ಹೆಸರು. ಕ್ಯಾಯಿ ಎಂದು ಕರೆಯುವುದು ಹಿರಿಯರನ್ನು. ಒಳ್ಳೆಯ ಗಾಮೆಲಾನನ್ನೂ ಹಾಗೇ ಕರೆಯಬೇಕು. ಗುರುವಾರ ಸಂಜೆ ಗಾಂಗಿಗೆ ಗುಲಾಬಿ, ಮಲ್ಲಿಗೆ, ಧೂಪ ತಪ್ಪುತ್ತಿರಲಿಲ್ಲ. ಯಾವ ವಾದ್ಯವನ್ನೂ ದಾಟಿಕೊಂಡು ಹೋಗುವಂತಿಲ್ಲ, ಸುತ್ತಿಕೊಂಡೇ ಹೋಗಬೇಕು. ನಾನಂತೂ ಗಾಂಗನ್ನು ಒಂದು ದಿನವೂ ಮುಟ್ಟಿದವನಲ್ಲ. ಮುಟ್ಟುವವರು ಬೇರೆ, ಹಿಡಿದಿಡುವವರು ಬೇರೆ.

ಗಾಂಗ್ ಬೀಳದೆ ನಮ್ಮಲ್ಲಿ ಹಾಡು ಮುಗಿದ ಲೆಕ್ಕವಿಲ್ಲ. ಬಿದ್ದ ಮೇಲೂ ಆ ನಾದ ತೊಟ್ಟಿಲಿನ ಹಾಗೆ ತೂಗುತ್ತ ತೂಗುತ್ತ ಸಣ್ಣದಾಗುತ್ತದೆ. ಅದನ್ನು ನಾವು ಬಾಲ ಎನ್ನುತ್ತಿದ್ದೆವು. ಬಾಲ ಪೂರ್ತಿ ಅಡಗುವ ತನಕ ನಾನು ಗಾಜಿನ ಆಚೆ ಕೈಯೆತ್ತಿ ನಿಂತಿರುತ್ತಿದ್ದೆ. ಕೈ ಇಳಿಯುವವರೆಗೆ ಯಾರೂ ಮಿಸುಕಬಾರದು. ಮುರ್ಯಾತಿ ಅಕ್ಕನಿಗೆ ಮಾತ್ರ ತಾಳ್ಮೆ ಇಲ್ಲ. "ಮುಗೀತೇನೋ ತಮ್ಮಾ?" ಎಂದು ಕೇಳಿಯೇ ಬಿಡುತ್ತಿದ್ದಳು. ಎಷ್ಟು ಒಳ್ಳೆಯ ಮುದ್ರಣಗಳ ಬಾಲ ಕೆಡಿಸಿದ್ದಾಳೋ ಪುಣ್ಯಾತ್ಗಿತ್ತಿ! ನಾನು ಬೈದು, ಅಷ್ಟನ್ನು ಕತ್ತರಿಸಿ, ಹಳೆಯ ಬಾಲವೊಂದನ್ನು ಅಂಟಿಸಿ ಕಳಿಸುತ್ತಿದ್ದೆ.

ಆಮೇಲೆ ಕ್ಯಾಸೆಟ್ ಹೋಯಿತು. ಸಿಡಿ ಬಂತು, ಅದರ ಬೆನ್ನಿಗೇ ಕಳ್ಳ ಸಿಡಿ ಬಂತು, ಕೊನೆಗೆ ಎಲ್ಲ ಫೋನಿನೊಳಗೆ ಹೋಗಿ ಕೂತಿತು. ನಮ್ಮ ಧಣಿ ತೀರಿಕೊಂಡ ಮೇಲೆ ಮಗಳು ಲಾನಿ ವ್ಯವಹಾರ ವಹಿಸಿಕೊಂಡಳು. ಕೆಟ್ಟವಳಲ್ಲ, ಅವಳೂ ಬದುಕಬೇಕಲ್ಲ. ಗಾಮೆಲಾನನ್ನು ಸೆಮಾರಾಂಗಿನ ಒಂದು ಹೋಟೆಲಿಗೆ ಮಾರಿದಳು. ಹಜಾರ ಕಾಫಿ ಅಂಗಡಿಯಾಯಿತು. ನನಗೂ ಗಾಲಿಹ್‌ಗೂ ಉಳಿದದ್ದು ಗೋಡೆಗೆ ಸ್ಪಂಜು ಬಡಿದ ಒಂದು ಪುಟ್ಟ ಕೋಣೆ, ಒಂದು ಕಂಪ್ಯೂಟರು. ಗಾಲಿಹ್ ನನ್ನ ಜೊತೆ ಕೆಲಸ ಮಾಡುವವನು, ಇಬ್ಬರು ಮಕ್ಕಳ ತಂದೆ, ಕಂಪ್ಯೂಟರಿನಲ್ಲಿ ಪಳಗಿದ ಕೈ. ನನ್ನನ್ನು ಪಾಕ್, ಅಕ್ಕನನ್ನು ಬು ಎನ್ನುತ್ತಾನೆ; ನಮ್ಮಲ್ಲಿ ಹಿರಿಯ ಗಂಡಸರನ್ನೂ ಹೆಂಗಸರನ್ನೂ ಕರೆಯುವುದು ಹಾಗೆ. ಅಲ್ಲಿ ನಾವು ಮುದ್ರಿಸುವುದು ಏನು? ಇಬ್ಬರು ಎದುರುಬದುರು ಕೂತು ಹೊಡೆಯುವ ಹರಟೆ. ಹರಟೆ! ನಾನು ಬದುಕಿಡೀ ಬಾಗಿಲ ಹೊರಗೆ ಅಟ್ಟಿದ್ದೇ ಅದನ್ನು.

ಆ ಕೋಣೆಗೆ ಒಂದು ಬೆಳಿಗ್ಗೆ ಮುರ್ಯಾತಿ ಅಕ್ಕ ಬಂದಳು. ಜೊತೆಗೆ ಮಗಳು ರೆತ್ನೊ, ಏಳು ತಿಂಗಳ ಬಸುರಿ, ಸೊಂಟದ ಮೇಲೆ ಕೈ ಇಟ್ಟುಕೊಂಡು. ಅಕ್ಕ ನನ್ನ ಸ್ಪಂಜಿನ ಗೋಡೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು.

"ಏನೋ ಇದು? ಹಾಸಿಗೇನ ಗೋಡೆಗೆ ಹಾಕಿದೀಯ? ನಿದ್ದೆ ನಿಂತ್ಕೊಂಡು ಮಾಡ್ತೀಯಾ?"

ತಮಾಷೆ ಅವಳದೇ. ದನಿ ಮಾತ್ರ ಕೆರೆದ ಹಾಗಿತ್ತು. ನಾನು ಮುಖ ನೋಡಿದೆ. ರೆತ್ನೊ ಕಣ್ಣು ತಪ್ಪಿಸಿದಳು.

"ಗಂಟಲಲ್ಲಿ ಗಂಟಂತೆ," ಎಂದಳು ಅಕ್ಕ, ಮಾರುಕಟ್ಟೆಯಲ್ಲಿ ಬದನೆಕಾಯಿ ಹುಳುಕು ಎನ್ನುವಷ್ಟು ಸಲೀಸಾಗಿ. "ಕೆಟ್ಟ ಗಂಟು. ಮುಂದಿನ ವಾರ ಕುಯ್ತಾರೆ. ಮಾತಿನ ಪೆಟ್ಟಿಗೇನೇ ತೆಗೆದು ಬಿಸಾಕ್ತಾರಂತೆ. ಆಮೇಲೆ ನಾನು ನಿನ್ನನ್ನ ಬೈಯೋಕೂ ಆಗಲ್ಲ ಕಣೋ. ಖುಷಿನಾ?"

ಮೈಕಿನ ತಂತಿ ಸುತ್ತುತ್ತ ನಿಂತೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ.

ಅವಳಿಗೆ ಬೇಕಾಗಿದ್ದು ಇಷ್ಟೇ. ಅವರ ಮನೆಯಲ್ಲಿ ಮಗು ಹುಟ್ಟಿದ ಐದನೆಯ ದಿನ ಹೆಸರಿಡುವಾಗ ಅಜ್ಜಿಯಾದವಳು ಒಂದು ಹಾಡು ಹಾಡಬೇಕು. ಅವಳ ಅಜ್ಜಿ ಅವಳಿಗೆ ಹಾಡಿದ್ದಳು. ಅವಳ ತಾಯಿ ರೆತ್ನೊಗೆ ಹಾಡಿದ್ದಳು. ಮಗುವಿನ ಮೇಲೆ ಕೆಟ್ಟ ಗಾಳಿ ಸುಳಿಯದಿರಲಿ ಎಂಬ ಹಾಡು. ಒಂಟಿ ದನಿಯಲ್ಲಿ ಸಾಗಿ, ಕೊನೆಗೆ ಗಾಂಗಿನಲ್ಲಿ ಇಳಿಯುತ್ತದೆ. ಆ ಹಾಡನ್ನು ಅವಳು ಎಂದೂ ಕ್ಯಾಸೆಟ್ಟಿಗೆ ಕೊಟ್ಟಿರಲಿಲ್ಲ, ಅದು ಮಾರುವ ಹಾಡಲ್ಲವೆಂದು. ರೆತ್ನೊಗೆ ಇನ್ನೂ ಎರಡು ತಿಂಗಳಿತ್ತು.

"ಮಗು ಬರೋ ಹೊತ್ತಿಗೆ ಅಜ್ಜಿ ಮೂಗಿ," ಎಂದಳು ಅಕ್ಕ. "ಅದಕ್ಕೇ ಮೊದಲೇ ಹಾಡಿಟ್ಟು ಹೋಗ್ತೀನಿ. ಹಿಡಿದಿಡೋದು ನಿನ್ನ ಕೆಲಸ ತಾನೇ? ಹಿಡಿ."

ಬೆಳಿಗ್ಗೆ ಬಿಸಿನೀರು ಕುಡಿದ ಮೇಲೆ ಸ್ವಲ್ಪ ಹೊತ್ತು ಅವಳ ಗಂಟಲು ತೆರೆಯುತ್ತಿತ್ತಂತೆ, ಆಮೇಲೆ ದಿನವಿಡೀ ಮುಚ್ಚಿಬಿಡುತ್ತಿತ್ತಂತೆ. ತಡಮಾಡಲಿಲ್ಲ. ಗಾಲಿಹ್ ಕೀಬೋರ್ಡು ಹಚ್ಚಿದ. ಅದರೊಳಗೆ ಗಾಮೆಲಾನ್ ಇದೆ, ಗಾಂಗೂ ಇದೆ, ಗುಂಡಿ ಒತ್ತಿದರೆ ಸಾಕು. ಅವನು ಶ್ರುತಿ ಕೊಟ್ಟ. ಅಕ್ಕ ಬಾಯಿ ತೆರೆದವಳು ನಿಲ್ಲಿಸಿದಳು. ಮತ್ತೆ ತೆರೆದಳು. ಎರಡು ದೋಣಿಯಲ್ಲಿ ಕಾಲಿಟ್ಟವಳ ಹಾಗೆ ಅವಳ ದನಿ ಅತ್ತ ಕೀಬೋರ್ಡಿಗೂ ಇಲ್ಲ, ಇತ್ತ ತನಗೂ ಇಲ್ಲ.

"ಇದು ಸರಿಯಿಲ್ಲ ಮಿನ್. ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ, ಹಾಗೆ ಅಂದ್ಕೋಬೇಡ. ಇದು ನಮ್ಮ ಕ್ಯಾಯಿ ಅಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಎರಡು ಗಾಮೆಲಾನಿನ ಶ್ರುತಿ ಎಂದೂ ಒಂದೇ ಇರುವುದಿಲ್ಲ. ಅಕ್ಕಪಕ್ಕದ ಮನೆಯ ಸಾರಿನ ಹಾಗೆ. ಹೆಸರು ಒಂದೇ, ರುಚಿ ಬೇರೆ. ಅವಳ ಗಂಟಲು ಹುಡುಗಿಯಾಗಿದ್ದಾಗಿನಿಂದ ಉದಾನ್ ಆರುಮ್ ಎದುರು ಕೂತು ಪಳಗಿದ್ದು. ಆದರೂ ಅಂದು ಹೇಗೋ ಕೊನೆ ಮುಟ್ಟಿಸಿದಳು, ಕೆಮ್ಮುತ್ತ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅಕ್ಕ ಬಂದಾಗ ಗಾಲಿಹ್ ಹಿಗ್ಗಿನಿಂದ ಕಾಯುತ್ತಿದ್ದ. ಕೇಳಿಸಿದ. ನುಣುಪಾದ, ಎಲ್ಲೂ ಜಾರದ, ಒಂದು ಎಳೆ ಕೂದಲಷ್ಟೂ ಆಚೀಚೆ ಆಗದ ಹಾಡು. ಅಕ್ಕ ತಲೆ ಓರೆ ಮಾಡಿ ಪೂರ್ತಿ ಕೇಳಿದಳು.

"ಚೆನ್ನಾಗಿ ಹಾಡ್ತಾಳಪ್ಪ. ಯಾರು ಈ ಹೆಂಗಸು?"

ತಮಾಷೆ ಎಂದುಕೊಂಡು ಗಾಲಿಹ್ ನಕ್ಕ. ಅವಳು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ಅವನ ಮುಖ ಬಿಳಿಚಿಕೊಂಡಿತು.

"ನೀವೇ ಬು ಮುರ್ಯಾತಿ... ಕಾಯಿಲೆಯಿಂದ ಸ್ವರ ಜಾರ್ತಿದೆ ಅನ್ಕೊಂಡೆ. ಪಾಪ ಅಂತ ರಾತ್ರಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದು ಸ್ವರಾನೂ ನೆಟ್ಟಗೆ ಮಾಡ್ದೆ."

"ನೆಟ್ಟಗೆ ಮಾಡಿದ್ಯಾ!" ನನಗೆ ಮೈಯೆಲ್ಲ ಉರಿಯಿತು. "ನಿಮ್ಮಜ್ಜಿ ಮೂಗು ಸೊಟ್ಟಗಿದೆ ಅಂತ ಫೋಟೋಗೆ ಬೇರೆ ಮೂಗು ಅಂಟಿಸ್ತೀಯೇನೋ?"

"ಬಿಡೋ ಮಿನ್," ಎಂದಳು ಅಕ್ಕ. "ಒಳ್ಳೇದಕ್ಕೆ ಮಾಡಿದಾನೆ." ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ನನ್ನ ಮೊಮ್ಮಗೂಗೆ ಯಾರೋ ಹೆಂಗಸಿನ ಹಾಡು ಕೇಳಿಸ್ಬೇಡಿ," ಎಂದಳು. ಅಷ್ಟು ಹೊತ್ತಿಗೆ ಅವಳ ಗಂಟಲು ಮುಚ್ಚಿಕೊಂಡಿತ್ತು.

ಸೆಮಾರಾಂಗಿಗೆ ಹೋಗೋಣ, ಕ್ಯಾಯಿಯ ಎದುರೇ ಹಾಡಿಸೋಣ ಎಂದವನು ಗಾಲಿಹ್. ಹೋಟೆಲಿಗೆ ಅವನೇ ಫೋನು ಮಾಡಿದ, ಅವನೇ ಭಾವನ ಕಾರು ಬೇಡಿ ತಂದ. ಅದು ಆಸ್ಪತ್ರೆಗೆ ಸೇರುವ ಹಿಂದಿನ ದಿನ. ರೆತ್ನೊ ಸೇರಿ ನಾಲ್ವರೂ ನಸುಕಿನಲ್ಲೇ ಹೊರಟೆವು. ಅಕ್ಕ ಹಸಿರು ಕೆಬಾಯಾ ರವಿಕೆ ತೊಟ್ಟು, ತುರುಬು ಕಟ್ಟಿ, ಕಚೇರಿಗೆ ಹೊರಟವಳ ಹಾಗೆ ಕೂತಿದ್ದಳು. ಮಡಿಲಲ್ಲಿ ಬಾಳೆಯೆಲೆಯಲ್ಲಿ ಸುತ್ತಿದ ಗುಲಾಬಿ, ಮಲ್ಲಿಗೆ. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ದನಿಯನ್ನು ಉಳಿಸಿಕೊಳ್ಳುತ್ತಿದ್ದಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

ಹೋಟೆಲಿನ ಮುಂಗೋಣೆಯಲ್ಲಿ, ಲಿಫ್ಟಿನ ಪಕ್ಕ, ಕೆಂಪು ಹಗ್ಗದ ಬೇಲಿಯೊಳಗೆ ನಮ್ಮ ಕ್ಯಾಯಿ ಇದ್ದ. ಕಂಚು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗಾಂಗಿನ ಕೊರಳಿಗೆ ಪ್ಲಾಸ್ಟಿಕ್ ಹಾರ. ಅಕ್ಕ ಹಗ್ಗ ಸರಿಸಿ ಒಳಗೆ ಹೋದಳು, ಒಂದೊಂದು ವಾದ್ಯವನ್ನೂ ಸುತ್ತಿಕೊಂಡು ಹೋಗಿ ಗಾಂಗಿನ ಬುಡದಲ್ಲಿ ಹೂವಿಟ್ಟಳು. ಪ್ಲಾಸ್ಟಿಕ್ ಹಾರ ತೆಗೆದು ನನ್ನ ಕೈಗೆ ತುರುಕಿದಳು. ಬಿಸಿನೀರು ಕುಡಿದಳು. ಶ್ರುತಿ ಹಿಡಿಯಲು ಕೂತು, ಕೋಲು ತೆಗೆದುಕೊಂಡು ಒಂದು ಪಟ್ಟಿಯನ್ನು ತಟ್ಟಿದಳು.

ಅವಳ ಕೈ ಅಲ್ಲೇ ನಿಂತಿತು. ಇನ್ನೊಂದು ಪಟ್ಟಿ ತಟ್ಟಿದಳು, ಮತ್ತೊಂದು.

"ಮಿನ್... ಇವನಲ್ಲ."

ನಾನು ಮಂಡಿಯೂರಿ ಒಂದು ಪಟ್ಟಿಯನ್ನು ಎತ್ತಿ ಮಗುಚಿದೆ. ಹೊಟ್ಟೆಯ ತುಂಬ ಅರದಿಂದ ಉಜ್ಜಿದ ಹೊಸ ಗೆರೆಗಳು. ಪಕ್ಕದ್ದನ್ನೂ ಮಗುಚಿದೆ. ಅಲ್ಲೂ ಗೆರೆಗಳು. ಕಂಚನ್ನು ಕೆರೆದರೆ ಸ್ವರ ಬದಲಾಗುತ್ತದೆ. ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಅಷ್ಟರಲ್ಲಿ ಹೋಟೆಲಿನ ಮ್ಯಾನೇಜರು ಬಂದ, ಕೈ ಮುಗಿದ, ಒಳ್ಳೆಯ ಮನುಷ್ಯ. "ಕಂಚುಗಾರನ್ನ ಕರೆಸಿ ಸರಿ ಮಾಡಿಸಿದೀವಿ, ಪಾಕ್. ಮೊದಲು ಕೀಬೋರ್ಡಿಗೆ ಹೊಂದ್ತಾನೇ ಇರ್ಲಿಲ್ಲ. ಈಗ ಮದುವೆ ಪಾರ್ಟಿಗಳಲ್ಲಿ ಯಾವ ಹಾಡು ಬೇಕಾದ್ರೂ ನುಡಿಸ್ಬೋದು!"

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ಗಾಲಿಹ್ ನನ್ನ ರಟ್ಟೆ ಹಿಡಿದುಕೊಂಡ. ತಾನು ಕಂಪ್ಯೂಟರಿನಲ್ಲಿ ಮಾಡಿದ್ದನ್ನೇ ಇಲ್ಲಿ ಅರದಿಂದ ಮಾಡಿದ್ದಾರೆಂದು ಅವನಿಗೆ ಹೊಳೆದಿರಬೇಕು.

ಅಕ್ಕ ಅಮೃತಶಿಲೆಯ ನೆಲದ ಮೇಲೆ ಕುಸಿದು ಕೂತಿದ್ದಳು. ಸತ್ತವರ ಮನೆಯಲ್ಲಿ ಕೂತ ಹಾಗೆ, ಕಾಲು ಮಡಿಸಿ, ಪಟ್ಟಿಯ ಮೇಲೆ ಅಂಗೈ ಇಟ್ಟುಕೊಂಡು. ಲಿಫ್ಟು ಟಿಣ್ ಎಂದಿತು. ಯಾರೋ ಪೆಟ್ಟಿಗೆ ಉರುಳಿಸಿಕೊಂಡು ಹೋದರು.

"ಅಮ್ಮಾ, ಏಳಮ್ಮ, ಮನೆಗೆ ಹೋಗೋಣ," ಎಂದು ರೆತ್ನೊ ಅಳಲಾರಂಭಿಸಿದಳು. "ಹಾಡು ಬೇಡ. ಏನೂ ಬೇಡ. ನೀನಿದ್ರೆ ಸಾಕು."

"ನಾನು ಇರ್ತೀನಿ ಕಣೇ. ದನಿ ಇರಲ್ವಲ್ಲ." ಅಕ್ಕ ಗಂಟಲನ್ನು ಮುಟ್ಟಿಕೊಂಡಳು. ಬೆಳಗಿನ ಹೊತ್ತು ಮೀರುತ್ತಿತ್ತು, ಮಾತಿನಲ್ಲೇ ಕೆರೆತ ಶುರುವಾಗಿತ್ತು. ನಾಳೆ ಬೆಳಿಗ್ಗೆಗೆ ಅವಳು ಆಸ್ಪತ್ರೆಯ ಮಂಚದ ಮೇಲೆ. ಅವಳು ತಲೆಯೆತ್ತಿ ಮ್ಯಾನೇಜರನ್ನು ಕೇಳಿದಳು: "ಅವನನ್ನೂ ಕೆರೆದ್ರಾ?"

ಅವಳು ತೋರಿಸಿದ್ದು ಗಾಂಗನ್ನು.

"ಇಲ್ಲ ಬು. ಅದನ್ನ ಮುಟ್ಟಿದ್ರೆ ಒಡೆದುಹೋಗುತ್ತೆ ಅಂತ ಕಂಚುಗಾರ ಹೆದರಿಬಿಟ್ಟ. ಫೋಟೋ ತೆಗೆಸಿಕೊಳ್ಳೋಕೆ ಇರ್ಲಿ ಅಂತ ಹಾಗೇ ಬಿಟ್ಟಿದೀವಿ."

"ಮಿನ್, ಹೊಡಿ."

"ನಾನಾ? ಅಕ್ಕಾ, ನಾನು ಯಾವತ್ತೂ ಅದನ್ನ..."

"ಮತ್ತೆ ಇಲ್ಲಿ ಬೇರೆ ಯಾರಿದಾರೋ? ನುಡಿಸೋರೆಲ್ಲ ಸತ್ತರು, ಇಲ್ಲ ಟ್ಯಾಕ್ಸಿ ಓಡಿಸ್ತಿದಾರೆ. ಮೆಷೀನು ಆ ಗಾಲಿಹ್ ನೋಡ್ಕೋತಾನೆ. ಕೈ ಮುಗಿದು ಹೊಡಿ."

ಗಾಲಿಹ್ ಅವಳ ಮುಂದೆ ಮೈಕು ನೆಟ್ಟ. ನಾನು ಚಪ್ಪಲಿ ಬಿಟ್ಟು, ಕೈ ಮುಗಿದು, ಬಟ್ಟೆ ಸುತ್ತಿದ ದಪ್ಪ ಕೋಲು ಎತ್ತಿಕೊಂಡೆ. ಮೆಲ್ಲನೆ ತಾಕಿಸಿದೆ. ಕ್ಯಾಯಿ ಮಾತಾಡಿದ. ನನ್ನ ಪಾದದಿಂದ ಮೇಲಕ್ಕೆ ಬಂತು ಆ ನಾದ. ಅಕ್ಕ ಚೌಕಟ್ಟಿಗೆ ಕೆನ್ನೆಯಾನಿಸಿ ಕಣ್ಣು ಮುಚ್ಚಿದಳು. ಆ ಒಂದು ನಾದದಿಂದ ಉಳಿದ ಸ್ವರಗಳನ್ನೆಲ್ಲ ಅವಳ ಗಂಟಲು ತಾನೇ ಹುಡುಕಿಕೊಂಡಿತೋ ಏನೋ, ಹಾಡತೊಡಗಿದಳು.

ದನಿ ಒರಟಾಗಿತ್ತು. ಮೇಲಿನ ಸ್ವರಗಳಲ್ಲಿ ಬಿರುಕು ಬಿಡುತ್ತಿತ್ತು. ನಡುವೆ ಲಿಫ್ಟು ಟಿಣ್ ಎಂದಿತು, ತಿಂಡಿಯ ಕೋಣೆಯಿಂದ ತಟ್ಟೆ ಚಮಚದ ಸದ್ದು ಬಂತು, ಪೆಟ್ಟಿಗೆಯ ಗಾಲಿಗಳು ಗರಗರ ಎಂದವು. ಬೇರೆ ದಿನವಾಗಿದ್ದರೆ ನಾನು ಆ ಹೋಟೆಲನ್ನೇ ಬೈದು ಖಾಲಿ ಮಾಡಿಸುತ್ತಿದ್ದೆ. ಅಂದು ಯಾವುದೂ ನನಗೆ ಬೇಡವೆನಿಸಲಿಲ್ಲ. ಆ ಬಿರುಕಿನ ಒಳಗಡೆ ಅವಳಿದ್ದಳು, ಮೊದಲ ಕ್ಯಾಸೆಟ್ಟಿನಲ್ಲಿ ಇದ್ದವಳೇ. ರೆತ್ನೊ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ನಿಂತಿದ್ದಳು. ನಾನು ಅಳುತ್ತಿದ್ದೆ, ಸದ್ದಾಗದ ಹಾಗೆ; ಅದೊಂದು ನನಗೆ ಚೆನ್ನಾಗಿ ಬರುತ್ತದೆ.

ಕೊನೆಯ ಸಾಲು ಇಳಿಯುತ್ತ ಬಂತು. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ಗಾಂಗ್ ಬಾರಿಸಿದೆ. ಬಲಗೈಯಲ್ಲಿ ಕೋಲು, ಎಡಗೈ, ಹಳೇ ಚಾಳಿ, ತಾನಾಗಿ ಮೇಲೆದ್ದಿತು. ಯಾರೂ ಮಿಸುಕಲಿಲ್ಲ. ಲಿಫ್ಟಿನಿಂದ ಇಳಿದ ಒಬ್ಬ ಮುದುಕ ಕೂಡ ಪೆಟ್ಟಿಗೆ ಹಿಡಿದು ನಿಂತುಬಿಟ್ಟ. ನಾದ ತೂಗುತ್ತ ತೂಗುತ್ತ ಹೋಗುತ್ತಿತ್ತು.

"ಮುಗೀತೇನೋ ತಮ್ಮಾ?"

ಕೇಳಿಯೇ ಬಿಟ್ಟಳು! ನಾನು ಕೈ ಎತ್ತಿಕೊಂಡೇ, ಹುಬ್ಬು ಗಂಟಿಕ್ಕಿ, ಸುಮ್ಮನಿರು ಎಂದು ಕಣ್ಣಲ್ಲೇ ಗದರಿದೆ. ಬಾಲ ಅಡಗಿದ ಮೇಲೆ ಕೈ ಇಳಿಸಿ ಅವಳತ್ತ ತಿರುಗಿದಾಗ ಅವಳು ಬಾಯಿಗೆ ಹೆಗಲ ವಸ್ತ್ರ ಒತ್ತಿಕೊಂಡು ಕೆಮ್ಮುತ್ತಿದ್ದಳು. ಕೆಮ್ಮು ನಿಲ್ಲಲೇ ಇಲ್ಲ. ವಾಪಸು ಬರುವಾಗಲೂ, ಮನೆಯ ಬಾಗಿಲಲ್ಲೂ ಅವಳ ಗಂಟಲಿನಿಂದ ಮಾತು ಹೊರಡಲಿಲ್ಲ. ಕೈಯಲ್ಲಿ ಹೋಗು ಎಂದು ಸನ್ನೆ ಮಾಡಿದಳು. ಮರುದಿನ ಆಸ್ಪತ್ರೆಗೆ ಸೇರಿದಳು.

ನಮ್ಮ ಕೋಣೆಯಲ್ಲಿ ಗಾಲಿಹ್ ಕೇಳಿದ, "ಪಾಕ್, ಪೆಟ್ಟಿಗೆ ಸದ್ದು ತೆಗೆಯೋಕಾಗುತ್ತೆ. ಕೊನೇಲಿ ಅವರು ಮಾತಾಡಿದ್ದನ್ನೂ... ತೆಗೀಲಾ?"

"ಮುಟ್ಟಿದ್ರೆ ಕೈ ಮುರೀತೀನಿ."

"ನಾನೂ ಬೇಡ ಅಂತಾನೇ ಇದ್ದೆ," ಎಂದು ಅವನು ಕಂಪ್ಯೂಟರು ಆರಿಸಿದ.

ಹುಟ್ಟಿದ್ದು ಹೆಣ್ಣುಮಗು. ಐದನೆಯ ದಿನ ಹೋದೆವು. ಮನೆಯ ತುಂಬ ಜನ, ಗಂಜಿಯ ಬಟ್ಟಲುಗಳು, ಮಲ್ಲಿಗೆಯ ವಾಸನೆ. ಮುರ್ಯಾತಿ ಅಕ್ಕ ಚಾಪೆಯ ಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅರ್ಧಕ್ಕೆ ಇಳಿದುಹೋಗಿದ್ದಳು. ಕೊರಳಿಗೆ ತೆಳ್ಳನೆ ಬಿಳಿ ಬಟ್ಟೆ. ಅದರ ಹಿಂದಿನ ತೂತಿನಿಂದ ಉಸಿರಾಡುವಾಗ ಬಟ್ಟೆ ಅಲುಗುತ್ತಿತ್ತು. ನನ್ನನ್ನು ಕಂಡು ಬಾಯಿ ಆಡಿಸಿದಳು. ಸದ್ದಿಲ್ಲ. ಬೈದಳೆಂದು ಮಾತ್ರ ಗೊತ್ತಾಯಿತು.

ಹೆಸರಿಟ್ಟ ಮೇಲೆ ಗಾಲಿಹ್ ಸ್ಪೀಕರಿನ ಗುಂಡಿ ಒತ್ತಿದ. ಹಾಡು ಬಂತು. ಮಾತಾಡುತ್ತಿದ್ದ ಜನ ಸುಮ್ಮನಾದರು. ಅಕ್ಕ ತಲೆ ಓರೆ ಮಾಡಿ ಕೇಳುತ್ತ, ಮಗುವಿನ ಎದೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಲಿಫ್ಟು ಟಿಣ್ ಎಂದಾಗ ಅವಳ ಹೆಗಲು ಕುಲುಕಿತು, ನಗುತ್ತಿದ್ದಳು. ಈ ಸಲ ಅವಳು ಯಾರು ಈ ಹೆಂಗಸು ಎಂದು ಕೇಳುವ ಮುಖ ಮಾಡಲಿಲ್ಲ. ಗಾಂಗ್ ಬಿತ್ತು. ನಾದ ತೂಗುತ್ತ ತೂಗುತ್ತ ಸಣ್ಣದಾಯಿತು.

"ಮುಗೀತೇನೋ ತಮ್ಮಾ?"

ರೆತ್ನೊ ಬಿಕ್ಕಿಬಿಟ್ಟಳು. ಹಾಡಿಡೀ ತಡೆದುಕೊಂಡಿದ್ದವಳು ಆ ಒಂದು ಮಾತಿಗೆ ಗೋಡೆಗೆ ಮುಖ ಮಾಡಿ ಅತ್ತಳು. ತಾಯಿ ಕೊನೆಗೆ ಆಡಿದ ಮಾತು ಅದು. ರೆತ್ನೊ ಹುಟ್ಟಿದಾಗಿನಿಂದ ಅಡುಗೆಮನೆಯಲ್ಲಿ, ಅಂಗಳದಲ್ಲಿ ಕೇಳಿದ ದನಿ ಅದು. ಅಕ್ಕನ ನಗು ನಿಂತಿತ್ತು. ಅವಳು ತನ್ನದೇ ದನಿ ಬಂದ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಅಂದು ನಾನು ಉತ್ತರ ಕೊಟ್ಟಿರಲಿಲ್ಲ, ಗದರಿದ್ದೆ. ಈಗ ಅವಳು ಅದೇ ಪ್ರಶ್ನೆಯನ್ನು ಕಣ್ಣಲ್ಲಿ ಹಿಡಿದು ಕಾಯುತ್ತಿದ್ದಳು.

ಸ್ಪೀಕರು ಅಷ್ಟರಲ್ಲಿ ಸುಮ್ಮನಾಗಿತ್ತು. ಬಾಲ ಪೂರ್ತಿ ಅಡಗಿತ್ತು. ಅದು ನನಗೆ ಗೊತ್ತು, ಜೀವಮಾನವೆಲ್ಲ ಅದನ್ನೇ ಕೇಳಿದ ಕಿವಿ ಇದು. ಆದರೂ ನಾನು ಎಲ್ಲರ ಎದುರು ಎಡಗೈ ಎತ್ತಿದೆ.

"ಇಲ್ಲಕ್ಕಾ," ಎಂದೆ. "ಇನ್ನೂ ಕೇಳಿಸ್ತಿದೆ."

ಅವಳು ಮಗುವನ್ನು ಅಲುಗಿಸದೆ ಕೂತಳು. ನಾನು ಕೈ ಇಳಿಸಲಿಲ್ಲ.